ಸ್ಮರಣ ಸಂಚಿಕೆಯ ಲೆಕ್ಕ ಯಾವ ತುದಿಯಿಂದ ಶುರುವಾಗಬೇಕು?

ಕನ್ನಡದ ಯಾವುದಾದರೂ ಪುಸ್ತಕದ ಮುಖಪುಟ ತಿರುವಿ, ಶೀರ್ಷಿಕೆ ಪುಟದ ಹಿಂಬದಿ ನೋಡಿ. ಅಲ್ಲಿ ಸಣ್ಣ ಅಕ್ಷರದ ಕೆಲವು ಸಾಲುಗಳಿರುತ್ತವೆ: ಮೊದಲ ಮುದ್ರಣದ ವರ್ಷ, ಪ್ರತಿಗಳು 1000, ಪುಟಗಳು 160, ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೊ, ಆಕಾರ 1/8 ಡೆಮಿ, ಬೆಲೆ ಇಷ್ಟು. ಹೆಚ್ಚಿನವರು ಓದದೆ ದಾಟಿಹೋಗುವ ಸಾಲುಗಳಿವು. ಮುದ್ರಣ ಬಲ್ಲವರಿಗೆ ಇಷ್ಟು ಕಂಡರೆ ಸಾಕು, ಎಷ್ಟು ಫಾರಂ ಆಯಿತು, ಎಷ್ಟು ರೀಮು ಕಾಗದ ಹಿಡಿಯಿತು, ಹಣ ಎಲ್ಲಿ ಹೋಯಿತು ಎಂದು ಹೇಳಿಬಿಡುತ್ತಾರೆ. ಪುಸ್ತಕವೊಂದರ ಆಯವ್ಯಯದ ಸಾರಾಂಶವೇ ಆ ಪುಟದಲ್ಲಿರುತ್ತದೆ.

ನಮ್ಮ ಊರುಗಳ ಸ್ಮರಣ ಸಂಚಿಕೆಗಳಲ್ಲಿ ಈ ಸಾಲುಗಳು ಅನೇಕ ಸಲ ಇರುವುದೇ ಇಲ್ಲ. ಎಷ್ಟು ಪ್ರತಿ, ಎಷ್ಟು ಪುಟ, ಯಾವ ಕಾಗದ ಎಂಬುದನ್ನು ಯಾರೂ ಮೊದಲು ಕೂತು ತೀರ್ಮಾನಿಸಿರುವುದಿಲ್ಲ. ಶಾಲೆಗೆ ನೂರು ವರ್ಷ ತುಂಬುತ್ತದೆ, ಸಹಕಾರಿ ಸಂಘಕ್ಕೆ ಅರವತ್ತು ತುಂಬುತ್ತದೆ, ಮುಂಬಯಿಯ ಅಥವಾ ದೆಹಲಿಯ ಕನ್ನಡ ಸಂಘಕ್ಕೆ ಅಮೃತ ಮಹೋತ್ಸವ ಬರುತ್ತದೆ. ಸಮಿತಿಯ ಸಭೆಯಲ್ಲಿ ಪೆಂಡಾಲು, ಊಟ, ಅತಿಥಿಗಳ ಹೆಸರು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಯಾರೋ ‘ಒಂದು ಸ್ಮರಣ ಸಂಚಿಕೆಯೂ ತರೋಣ’ ಎನ್ನುತ್ತಾರೆ. ‘ಜಾಹೀರಾತು ಎಷ್ಟು ಬರುತ್ತೋ ನೋಡಿ, ಅದರ ಮೇಲೆ ಪುಟ ಮಾಡೋಣ’ ಎಂದು ನಿರ್ಣಯವಾಗುತ್ತದೆ. ರಸೀತಿ ಪುಸ್ತಕಗಳು ಹಂಚಿಕೆಯಾಗುತ್ತವೆ. ಲೇಖನಗಳ ಮಾತು ಆಮೇಲೆ ಬರುತ್ತದೆ.

ನಾನು ವಾದಿಸುವುದು ಇದರ ವಿರುದ್ಧ. ಲೆಕ್ಕ ಶುರುವಾಗಬೇಕಾದದ್ದು ಒಳಗೆ ಏನಿರಬೇಕು ಎಂಬಲ್ಲಿಂದ. ಆಮೇಲೆ ಅದು ಎಷ್ಟು ಜನರ ಕೈ ಸೇರಬೇಕು ಎಂಬುದು. ಜಾಹೀರಾತು ಕೊನೆಯದು. ಇದಕ್ಕೆ ಕಾರಣ ಸರಳವಾಗಿದೆ. ಒಂದು ಹಳ್ಳಿಯ ಬಗ್ಗೆ, ಒಂದು ಶಾಲೆಯ ಬಗ್ಗೆ ಅಚ್ಚಾಗುವ ಪುಸ್ತಕ ಬಹುಶಃ ಅದೊಂದೇ. ಗೆಜೆಟಿಯರಿನಲ್ಲಿ ಆ ಊರಿಗೆ ಅರ್ಧ ಸಾಲು ಸಿಕ್ಕರೆ ಹೆಚ್ಚು. ಮುಂದೆ ಯಾರಾದರೂ ಆ ಊರಿನ ಬಗ್ಗೆ ತಿಳಿಯಬೇಕೆಂದು ಬಂದರೆ ಅವರಿಗೆ ಸಿಗುವುದು ಈ ಸಂಚಿಕೆ ಮಾತ್ರ. ಅದರಲ್ಲಿ ಸಚಿವರ ಶುಭ ಸಂದೇಶಗಳೂ ಅಂಗಡಿಗಳ ಶುಭಾಶಯಗಳೂ ಮಾತ್ರ ಇದ್ದರೆ, ಖರ್ಚು ಮಾಡಿದ ಹಣ ಎಷ್ಟೇ ಇರಲಿ, ಊರಿನ ಪಾಲಿಗೆ ಅದು ನಷ್ಟ.

ಈಗ ಲೆಕ್ಕಕ್ಕೆ ಬರೋಣ. ಇದು ಕಷ್ಟದ್ದಲ್ಲ, ಏಳನೆಯ ತರಗತಿಯ ಗಣಿತ ಸಾಕು.

ಮುದ್ರಣದವರು ಪುಟ ಎಣಿಸುವುದಿಲ್ಲ, ಫಾರಂ ಎಣಿಸುತ್ತಾರೆ. ದೊಡ್ಡ ಹಾಳೆಯ ಎರಡೂ ಮಗ್ಗುಲಿಗೆ ಪುಟಗಳನ್ನು ಅಚ್ಚು ಮಾಡಿ, ಮಡಚಿ, ಕತ್ತರಿಸಿದಾಗ ಪುಟಗಳು ಸಾಲಾಗಿ ಬರುತ್ತವೆ. ಸಾಮಾನ್ಯ ಕಾದಂಬರಿಯ ಆಕಾರವಾದ 1/8 ಡೆಮಿಯಲ್ಲಿ ಒಂದು ಫಾರಂ ಎಂದರೆ 16 ಪುಟ. 23 ಇಂಚಿಗೆ 36 ಇಂಚಿನ ಡಬಲ್ ಡೆಮಿ ಕಾಗದದ ಒಂದು ರೀಮಿನಲ್ಲಿ, ಅಂದರೆ 500 ಹಾಳೆಯಲ್ಲಿ, ಒಂದು ಫಾರಂನ 1000 ಪ್ರತಿ ಬರುತ್ತವೆ. ಅಂದರೆ 160 ಪುಟದ ಪುಸ್ತಕಕ್ಕೆ 10 ಫಾರಂ, ಸಾವಿರ ಪ್ರತಿಗೆ 10 ರೀಮು. ಸ್ಮರಣ ಸಂಚಿಕೆಗಳು ಹೆಚ್ಚಾಗಿ ಇದಕ್ಕಿಂತ ದೊಡ್ಡ 1/4 ಕ್ರೌನ್ ಆಕಾರದಲ್ಲಿ ಬರುತ್ತವೆ, ಸುಮಾರು ಏಳೂಕಾಲು ಇಂಚು ಅಗಲ, ಒಂಬತ್ತೂವರೆ ಇಂಚು ಎತ್ತರ. ಇಲ್ಲಿ ಫಾರಂ 8 ಪುಟದ್ದು. 20 ಇಂಚಿಗೆ 30 ಇಂಚಿನ ಡಬಲ್ ಕ್ರೌನ್ ಕಾಗದದ ಒಂದು ರೀಮಿಗೆ ಒಂದು ಫಾರಂನ 1000 ಪ್ರತಿ. 160 ಪುಟವೆಂದರೆ 20 ಫಾರಂ, ಸಾವಿರ ಪ್ರತಿಗೆ 20 ರೀಮು, ಐನೂರು ಪ್ರತಿಗೆ 10 ರೀಮು. ಯಂತ್ರ ಹೊಂದಿಸುವಾಗ ಹಾಳಾಗುವ ಹಾಳೆಗಳು ಇದರ ಮೇಲೆ.

ಕಾಗದ ಮಾರುವುದು ತೂಕದ ಮೇಲೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 70 ಜಿಎಸ್‌ಎಂ ಡಬಲ್ ಕ್ರೌನ್ ರೀಮು ಸುಮಾರು ಹದಿಮೂರೂವರೆ ಕಿಲೊ, ಅದೇ 70 ಜಿಎಸ್‌ಎಂ ಡಬಲ್ ಡೆಮಿ ರೀಮು ಸುಮಾರು ಹದಿನೆಂಟೂಮುಕ್ಕಾಲು ಕಿಲೊ. ಇಷ್ಟು ಗೊತ್ತಿದ್ದರೆ ಕಾಗದದ ಅಂಗಡಿಯಲ್ಲಿ ಕಿಲೊ ದರ ಕೇಳಿಕೊಂಡು ಸಮಿತಿಯೇ ಕಾಗದದ ಖರ್ಚನ್ನು ಅಂದಾಜು ಮಾಡಬಹುದು. ನೂರು ಜಿಎಸ್‌ಎಂ ಆರ್ಟ್ ಪೇಪರಿನಲ್ಲಿ ಇಡೀ ಸಂಚಿಕೆ ತರಬೇಕೆಂಬ ಉತ್ಸಾಹ ಎಷ್ಟು ಭಾರವೆಂಬುದೂ ಆಗ ತಿಳಿಯುತ್ತದೆ. ಬರಹವನ್ನು ಓದಲು ಮಿನುಗುವ ಕಾಗದಕ್ಕಿಂತ ಮ್ಯಾಪ್‌ಲಿಥೊ ಕಣ್ಣಿಗೆ ಹಿತ. ಅದರಲ್ಲೂ ನ್ಯಾಚುರಲ್ ಶೇಡ್ ಎಂದು ಸಿಗುವ, ಪೂರ್ತಿ ಬಿಳಿಯಲ್ಲದ ಕಾಗದ ಇನ್ನೂ ಹಿತ. ಆರ್ಟ್ ಪೇಪರು ಬಣ್ಣದ ಚಿತ್ರಗಳಿಗೆ ಸಾಕು.

ಬಣ್ಣದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹಣ ಗೊತ್ತಾಗದೆ ಸೋರುವುದು ಇಲ್ಲೇ. ಆಫ್‌ಸೆಟ್ ಯಂತ್ರದಲ್ಲಿ ಕಪ್ಪು ಅಕ್ಷರಕ್ಕೆ ಒಂದು ಪ್ಲೇಟು ಬೇಕು. ಬಣ್ಣದ ಚಿತ್ರವಿದ್ದರೆ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟು. ಒಂದು ಪ್ಲೇಟಿನ ಮೇಲೆ ಹಲವು ಪುಟಗಳು ಒಟ್ಟಿಗೆ ಇರುತ್ತವೆ. ಅವುಗಳಲ್ಲಿ ಒಂದೇ ಒಂದು ಪುಟದಲ್ಲಿ ಅಂಗೈಯಗಲದ ಬಣ್ಣದ ಫೋಟೊ ಇದ್ದರೂ ಆ ಮಗ್ಗುಲಿಗೆ ಪೂರ್ತಿ ನಾಲ್ಕು ಪ್ಲೇಟು, ನಾಲ್ಕು ಬಣ್ಣದ ಮುದ್ರಣ. ಸಂಚಿಕೆಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಬಣ್ಣದ ಚಿತ್ರ ಚೆಲ್ಲಿದರೆ ಇಡೀ ಸಂಚಿಕೆಯೇ ಬಣ್ಣದ ದರಕ್ಕೆ ಹೋಗುತ್ತದೆ. ಅದರ ಬದಲು ಬಣ್ಣದ ಚಿತ್ರಗಳನ್ನೆಲ್ಲ 8 ಅಥವಾ 16 ಪುಟದ ಒಂದೇ ವಿಭಾಗವಾಗಿ ಆರ್ಟ್ ಪೇಪರಿನಲ್ಲಿ ಅಚ್ಚು ಹಾಕಿಸಿ ನಡುವೆ ಸೇರಿಸಬಹುದು. ಹಳೆಯ ಶಾಲೆಯ ಚಿತ್ರಗಳು ಹೇಗೂ ಕಪ್ಪು ಬಿಳುಪಿನವು, ಅವು ಲೇಖನದ ಜೊತೆಯಲ್ಲೇ ಚೆನ್ನಾಗಿ ಕೂರುತ್ತವೆ.

ಪುಟಗಳ ಸಂಖ್ಯೆ ಫಾರಂಗೆ ಸರಿಹೊಂದಬೇಕೆಂಬುದೂ ಹೀಗೆಯೇ. 160 ಪುಟಕ್ಕೆ ಮುಗಿಯಬೇಕಾದ್ದು ಕೊನೆಯ ಗಳಿಗೆಯಲ್ಲಿ ಬಂದ ಎರಡು ಜಾಹೀರಾತಿನಿಂದ 162 ಆದರೆ, ಆ ಎರಡು ಪುಟಕ್ಕಾಗಿ ಇನ್ನೊಂದು ತುಂಡು ಫಾರಂ ಓಡಿಸಬೇಕು. ಬಂದ ಜಾಹೀರಾತಿನ ಹಣದಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಪುಟಗಳ ಸಂಖ್ಯೆಯನ್ನು ಮೊದಲೇ ಗಟ್ಟಿ ಮಾಡಿ, ಅದರೊಳಗೆ ಲೇಖನಕ್ಕೆ ಇಷ್ಟು, ಚಿತ್ರಕ್ಕೆ ಇಷ್ಟು, ಪಟ್ಟಿಗಳಿಗೆ ಇಷ್ಟು, ಜಾಹೀರಾತಿಗೆ ಇಷ್ಟು ಎಂದು ಖಾಲಿ ಹಾಳೆಗಳನ್ನು ಮಡಚಿ ಒಂದು ಡಮ್ಮಿ ಮಾಡಿಕೊಳ್ಳುವುದು ಹಳೆಯ ಪದ್ಧತಿ. ಈಗಲೂ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಜಾಹೀರಾತಿಗೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಪುಟ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂದೇಶಗಳಿಗೆ, ಅವು ಎಷ್ಟೇ ದೊಡ್ಡವರಿಂದ ಬಂದಿರಲಿ, ಎರಡು ಪುಟ ಧಾರಾಳವಾಯಿತು.

ಇನ್ನು ಎಷ್ಟು ಪ್ರತಿ? ಮದುವೆ ಮನೆಯಲ್ಲಿ ಎಲೆ ಎಣಿಸಿದ ಹಾಗೆ ಇದನ್ನು ಎಣಿಸಬೇಕು: ಯಾರು ಯಾರಿಗೆ, ಹೆಸರು ಬರೆದು. ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕ ತಿಳಿಯುವುದಕ್ಕಷ್ಟೇ, ದರ ನಿಮ್ಮೂರಿನ ಮುದ್ರಣಾಲಯದಲ್ಲಿ ಬೇರೆ ಇರುತ್ತದೆ. ಎಷ್ಟೇ ಪ್ರತಿ ಹಾಕಿಸಿದರೂ ಬದಲಾಗದ ಖರ್ಚು, ಅಂದರೆ ಅಕ್ಷರ ಜೋಡಣೆ, ಪುಟ ವಿನ್ಯಾಸ, ಕರಡು ತಿದ್ದುವುದು, ಚಿತ್ರಗಳ ಸ್ಕ್ಯಾನಿಂಗ್, ಪ್ಲೇಟು, ಮುಖಪುಟ, ಎಲ್ಲ ಸೇರಿ 90,000 ರೂಪಾಯಿ ಎಂದುಕೊಳ್ಳಿ. ಪ್ರತಿಯೊಂದಕ್ಕೆ ಕಾಗದ, ಮುದ್ರಣ, ಬೈಂಡಿಂಗ್ ಸೇರಿ 90 ರೂಪಾಯಿ. 300 ಪ್ರತಿ ಹಾಕಿಸಿದರೆ ಒಟ್ಟು 1,17,000, ಒಂದಕ್ಕೆ 390 ರೂಪಾಯಿ. 500ಕ್ಕೆ 1,35,000, ಒಂದಕ್ಕೆ 270. 1000ಕ್ಕೆ 1,80,000, ಒಂದಕ್ಕೆ 180.

ಈ ಕೊನೆಯ ಅಂಕಿ ಎಲ್ಲರನ್ನೂ ಸೆಳೆಯುತ್ತದೆ. ‘ಇನ್ನು 45,000 ಹಾಕಿದರೆ ಇನ್ನೂ ಐನೂರು ಬರುತ್ತವಲ್ಲ, ಒಂದರ ಬೆಲೆ 270ರಿಂದ 180ಕ್ಕೆ ಇಳಿಯುತ್ತದಲ್ಲ’ ಎಂದು ಮುದ್ರಣಾಲಯದವರು ಹೇಳುವುದು ಸುಳ್ಳಲ್ಲ. ಆದರೆ ಸಾವಿರ ಹಾಕಿಸಿ ಐನೂರೇ ಜನರ ಕೈ ಸೇರಿದರೆ, 1,80,000ವನ್ನು ಭಾಗಿಸಬೇಕಾದದ್ದು ಐನೂರರಿಂದ. ಆಗ ಒಂದಕ್ಕೆ ಬಿದ್ದದ್ದು 360. ಅಚ್ಚಾದ ಪ್ರತಿಗಳಿಂದ ಭಾಗಿಸದೆ, ತಲುಪಿದ ಪ್ರತಿಗಳಿಂದ ಭಾಗಿಸಿದರೆ ಮಾತ್ರ ನಿಜವಾದ ಬೆಲೆ ತಿಳಿಯುತ್ತದೆ. ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿ ಹುರಿ ಬಿಚ್ಚದ ಕಟ್ಟುಗಳು ಗೆದ್ದಲು ಹಿಡಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗಂತೂ ಕಡಿಮೆ ಹಾಕಿಸಲು ಹೆದರಬೇಕಾದ ಕಾರಣವಿಲ್ಲ. ಪ್ಲೇಟಿನ ಹಂಗಿಲ್ಲದ ಡಿಜಿಟಲ್ ಮುದ್ರಣದಲ್ಲಿ ಐವತ್ತು ಪ್ರತಿಯನ್ನೂ ಆಮೇಲೆ ಹಾಕಿಸಬಹುದು. ಪ್ರತಿಯೊಂದರ ಖರ್ಚು ಹೆಚ್ಚು ಬೀಳುತ್ತದೆ, ಆದರೆ ಬೇಕಾದಷ್ಟಕ್ಕೇ ಬೀಳುತ್ತದೆ. ಅದಕ್ಕಾಗಿ ಅಂತಿಮ ಪಿಡಿಎಫ್ ಕಡತವನ್ನು ಮುದ್ರಣಾಲಯದಿಂದ ಕೇಳಿ ಪಡೆದು ಸಮಿತಿಯ ಬಳಿ ಇಟ್ಟುಕೊಳ್ಳಬೇಕು.

ಇಷ್ಟು ಮುದ್ರಣದ ಲೆಕ್ಕ. ನನ್ನ ಕಾಳಜಿ ಇರುವುದು ಇನ್ನೊಂದು ಕಡೆ. ಸ್ಮರಣ ಸಂಚಿಕೆಯ ಆಯವ್ಯಯ ಪಟ್ಟಿಗಳಲ್ಲಿ ಮುದ್ರಣ, ಕಾಗದ, ಬಿಡುಗಡೆ ಸಮಾರಂಭ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಒಳಗಿನ ಬರಹವನ್ನು ಸಂಗ್ರಹಿಸುವುದಕ್ಕೆ ಒಂದು ರೂಪಾಯಿಯೂ ಇರುವುದಿಲ್ಲ. ಬರಹ ತಾನಾಗಿ ಬರುತ್ತದೆ, ಯಾರೋ ಮೇಷ್ಟ್ರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ.

ಶಾಲೆಯ ಉದಾಹರಣೆಯನ್ನೇ ಮುಂದುವರಿಸೋಣ. ನೂರು ವರ್ಷದ ಶಾಲೆಯಲ್ಲಿ ದಾಖಲಾತಿ ರಿಜಿಸ್ಟರುಗಳಿರುತ್ತವೆ, ಹಾಜರಿ ಪುಸ್ತಕಗಳಿರುತ್ತವೆ, ಇನ್‌ಸ್ಪೆಕ್ಟರು ಬಂದು ಹೋದಾಗ ಬರೆದ ತಪಾಸಣಾ ಟಿಪ್ಪಣಿಗಳಿರುತ್ತವೆ. ಊರಿಗೆ ಪ್ಲೇಗು ಬಂದ ವರ್ಷ ಹಾಜರಿ ಹೇಗಿತ್ತು, ಮೊದಲ ಹುಡುಗಿ ಯಾವ ವರ್ಷ ಸೇರಿದಳು, ಸುಗ್ಗಿಯಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟರು, ಇವೆಲ್ಲ ಆ ಪುಸ್ತಕಗಳಲ್ಲೇ ಸಿಗಬೇಕು. ಅವುಗಳ ಹಾಳೆ ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಮೊದಲು ಮಾಡಬೇಕಾದದ್ದು ಅವನ್ನು ಜೋಪಾನವಾಗಿ ಸ್ಕ್ಯಾನ್ ಮಾಡಿಸುವುದು. ಅದಕ್ಕೆ ಹಣ ಬೇಕು, ಒಬ್ಬರ ಕೆಲವು ದಿನಗಳ ದುಡಿಮೆ ಬೇಕು.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. 1956ಕ್ಕೆ ಮೊದಲು ನಾವು ಒಂದೇ ಆಡಳಿತದಲ್ಲಿ ಇರಲಿಲ್ಲ. ಮೈಸೂರು ಸಂಸ್ಥಾನದ ಶಾಲೆಯ ಕಾಗದಪತ್ರ ಹೆಚ್ಚಾಗಿ ಕನ್ನಡ, ಇಂಗ್ಲಿಷಿನಲ್ಲಿರುತ್ತದೆ. ಕಲಬುರಗಿ, ರಾಯಚೂರು, ಬೀದರ್ ಕಡೆಯದು ಹೈದರಾಬಾದ್ ಸಂಸ್ಥಾನದ ಕಾಲದ್ದು, ಉರ್ದುವಿನಲ್ಲಿರುತ್ತದೆ. ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿಯಂಥ ಕಡೆ ಮರಾಠಿ ಕಾಗದಗಳು, ಕೆಲವೆಡೆ ಮೋಡಿ ಲಿಪಿಯವೂ ಸಿಗಬಹುದು. ದಕ್ಷಿಣ ಕನ್ನಡ ಮದರಾಸಿನ ಕೆಳಗಿತ್ತು. ಓದಿ ಹೇಳುವವರನ್ನು ಹುಡುಕಿ, ಅವರ ಶ್ರಮಕ್ಕೆ ಗೌರವಧನ ಕೊಟ್ಟು, ಕನ್ನಡಕ್ಕೆ ಮಾಡಿಸಬೇಕು. ಇದು ಆಯವ್ಯಯದಲ್ಲಿ ಒಂದು ಸಾಲು ಆಗದಿದ್ದರೆ ಆ ಕಾಲದ ಶಾಲೆ ಸಂಚಿಕೆಯಿಂದ ಪೂರ್ತಿ ಬಿಟ್ಟುಹೋಗುತ್ತದೆ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಾಖಲಾತಿ ಪುಸ್ತಕದ ಪುಟವನ್ನು ಹಾಗೇ ಫೋಟೊ ತೆಗೆದು ಅಚ್ಚು ಹಾಕಬೇಡಿ. ಅದರಲ್ಲಿ ಮಕ್ಕಳ ಜಾತಿ, ಶಾಲೆ ಬಿಡಲು ಕಾರಣ ಎಂಬ ಕಾಲಂಗಳಿರುತ್ತವೆ. ಇವತ್ತು ಬದುಕಿರುವವರನ್ನೂ ಅವರ ಮನೆಯವರನ್ನೂ ಅದು ನೋಯಿಸಬಲ್ಲದು.

ಕಾಗದವಾದರೂ ಇನ್ನೊಂದು ವರ್ಷ ಕಾಯಬಹುದು, ಮನುಷ್ಯರು ಕಾಯುವುದಿಲ್ಲ. ಎಂಬತ್ತು ದಾಟಿದ ಹಳೆಯ ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕಿಯರು, ಶಾಲೆಗೆ ಜಾಗ ಕೊಟ್ಟ ಮನೆಯವರು, ಗಂಟೆ ಹೊಡೆಯುತ್ತಿದ್ದವರು, ಇವರ ಮಾತನ್ನು ರೆಕಾರ್ಡ್ ಮಾಡುವ ಕೆಲಸ ಸಮಿತಿ ರಚನೆಯಾದ ವಾರದಿಂದಲೇ ನಡೆಯಬೇಕು. ‘ನಿಮ್ಮ ಅನುಭವ ಬರೆದುಕೊಡಿ’ ಎಂದರೆ ಬರೆದು ಅಭ್ಯಾಸವಿರುವ ಹತ್ತು ಜನ ಬರೆದುಕೊಡುತ್ತಾರೆ. ಬರೆಯಲು ಬಾರದವರು, ಅಥವಾ ಬರೆದು ಅಭ್ಯಾಸವಿಲ್ಲದವರು ಹೇಳುವುದರಲ್ಲೇ ಹೆಚ್ಚು ಹುರುಳಿರುತ್ತದೆ. ಅವರ ಮನೆಗೆ ಹೋಗಿ ಬರುವ ಬಸ್ ಖರ್ಚು, ಕೇಳಿ ಬರೆದುಕೊಳ್ಳುವ ಯುವಕ ಯುವತಿಯರಿಗೆ ಸಂಭಾವನೆ, ಇವನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಿರಿ. ಒಟ್ಟು ಮೊತ್ತದ ಕಾಲುಭಾಗ ಒಳಗಿನ ಬರಹಕ್ಕೆ, ಚಿತ್ರಕ್ಕೆ, ತಿದ್ದುವುದಕ್ಕೆ ಹೋದರೆ ಅದು ದುಂದಲ್ಲ. ಪೆಂಡಾಲು ಮರುದಿನ ಬಿಚ್ಚಿಹೋಗುತ್ತದೆ.

ಧಾರವಾಡದ ಮನೋಹರ ಗ್ರಂಥಮಾಲೆ ತನ್ನ ಬೆಳ್ಳಿಹಬ್ಬದ ನೆನಪಿಗೆ ‘ನಡೆದು ಬಂದ ದಾರಿ’ ಎಂಬ ಸಂಪುಟಗಳನ್ನು ತಂದಿತು. ಅದೂ ಒಂದು ಸಂಸ್ಥೆಯ ವರ್ಷಾಚರಣೆಗಾಗಿಯೇ ಬಂದದ್ದು. ತನ್ನನ್ನು ಹೊಗಳಿಕೊಳ್ಳುವ ಬದಲು ಆ ಸಂಸ್ಥೆ ಆಧುನಿಕ ಕನ್ನಡ ಸಾಹಿತ್ಯದ ಸಮೀಕ್ಷೆಯನ್ನೇ ಬರೆಸಿತು. ಕೀರ್ತಿನಾಥ ಕುರ್ತಕೋಟಿಯವರ ದೀರ್ಘ ವಿಮರ್ಶೆ ಹೊರಬಂದದ್ದು ಅಲ್ಲೇ. ಸಾಹಿತ್ಯದ ವಿದ್ಯಾರ್ಥಿಗಳು ಇಂದಿಗೂ ಅದನ್ನು ಹುಡುಕಿ ಓದುತ್ತಾರೆ. ಹಳ್ಳಿಯ ಶಾಲೆಯಿಂದ ಅಷ್ಟು ದೊಡ್ಡದನ್ನು ಯಾರೂ ಕೇಳುವುದಿಲ್ಲ. ಹಬ್ಬದ ನೆಪದಲ್ಲಿ ಬಾಳುವ ಪುಸ್ತಕ ತರಬಹುದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ ಎಂಬುದನ್ನು ಮರೆಯಬಾರದು, ಅಷ್ಟೆ.

ಅಕ್ಷರ ಜೋಡಣೆಯ ಕೆಲಸಕ್ಕೆ ಕನ್ನಡದ್ದೇ ಆದ ಕಷ್ಟಗಳಿವೆ. ಒಬ್ಬರು ಕೈಬರಹದಲ್ಲಿ ಕೊಡುತ್ತಾರೆ, ಇನ್ನೊಬ್ಬರು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ, ಮತ್ತೊಬ್ಬರು ‘ಬರಹ’ ತಂತ್ರಾಂಶದಲ್ಲಿ, ಹೊಸಬರು ಮೊಬೈಲಿನಲ್ಲಿ ಯುನಿಕೋಡಿನಲ್ಲಿ. ಡಿಟಿಪಿಯವರು ಎಲ್ಲವನ್ನೂ ತಮ್ಮ ತಂತ್ರಾಂಶಕ್ಕೆ ಹೊಂದುವಂತೆ ಪರಿವರ್ತಿಸಬೇಕಾಗುತ್ತದೆ. ಆಗ ಅರ್ಕಾವತ್ತು ಜಾಗ ತಪ್ಪುವುದು, ಒತ್ತಕ್ಷರ ಕಳಚುವುದು, ದೀರ್ಘ ಮಾಯವಾಗುವುದು ಮಾಮೂಲು. ಲೇಖನ ಕೇಳುವಾಗಲೇ ‘ಯುನಿಕೋಡಿನಲ್ಲಿ ಕಳುಹಿಸಿ, ಇಲ್ಲವೇ ಕೈಬರಹದಲ್ಲೇ ಕೊಡಿ’ ಎಂದು ಹೇಳಿಬಿಟ್ಟರೆ ಅರ್ಧ ಕೆಲಸ ಉಳಿಯುತ್ತದೆ. ಫೋಟೊಗಳದ್ದೂ ಇದೇ ಕಥೆ. ಅಚ್ಚಿಗೆ ಒಂದು ಇಂಚಿಗೆ 300 ಚುಕ್ಕೆ ಬೇಕು. ಆರು ಇಂಚು ಅಗಲದ ಚಿತ್ರಕ್ಕೆ 1800 ಪಿಕ್ಸೆಲ್. ವಾಟ್ಸ್‌ಆ್ಯಪಿನಲ್ಲಿ ಸುತ್ತಿ ಸುತ್ತಿ ಬಂದ ಚಿತ್ರ ಮೊಬೈಲಿನಲ್ಲಿ ಸ್ಪಷ್ಟವಾಗಿ ಕಂಡರೂ ಕಾಗದದ ಮೇಲೆ ಮಸುಕಾಗುತ್ತದೆ. ಮೂಲ ಚಿತ್ರವನ್ನೇ ತರಿಸಿ ಸ್ಕ್ಯಾನ್ ಮಾಡಿಸಬೇಕು, ಕೊಟ್ಟವರಿಗೆ ಕೈಗೇ ಹಿಂದಿರುಗಿಸಬೇಕು. ಮನೆಯ ಗೋಡೆಯಿಂದ ಇಳಿಸಿಕೊಟ್ಟ ಚಿತ್ರ ಕಳೆದುಹೋದರೆ ಅದನ್ನು ಯಾವ ಹಣವೂ ತುಂಬಿಕೊಡುವುದಿಲ್ಲ.

ಕರಡು ತಿದ್ದುವವರಿಗೆ ಹಣ ಇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಮೊದಲ ಕರಡನ್ನು ಮೂಲ ಬರಹದ ಜೊತೆ ಇಟ್ಟು ಓದಬೇಕು, ಎರಡನೆಯದರಲ್ಲಿ ತಿದ್ದುಪಡಿಗಳು ಆದವೇ ನೋಡಬೇಕು, ಪುಟ ಕಟ್ಟಿದ ಮೇಲೆ ಮೂರನೆಯ ಸಲ. ದಾನಿಗಳ ಪಟ್ಟಿ, ಹಳೆಯ ವಿದ್ಯಾರ್ಥಿಗಳ ಪಟ್ಟಿ, ಸೇವೆ ಸಲ್ಲಿಸಿದ ಶಿಕ್ಷಕರ ಪಟ್ಟಿಗಳನ್ನು ಇಬ್ಬರು ಕೂತು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಕಣ್ಣಾಡಿಸಬೇಕು. ಲೇಖನದ ತಪ್ಪನ್ನು ಜನ ಕ್ಷಮಿಸುತ್ತಾರೆ. ತೀರಿಕೊಂಡ ಅಪ್ಪನ ಹೆಸರು ತಪ್ಪಾಗಿ ಅಚ್ಚಾದರೆ ಆ ಮನೆಯವರಿಗೆ ಆಗುವ ನೋವು ಬಹಳ ಕಾಲ ಉಳಿಯುತ್ತದೆ. ತಪ್ಪು ಹಸ್ತಪ್ರತಿಯಲ್ಲಿ ಸಿಕ್ಕರೆ ಖರ್ಚಿಲ್ಲ, ಕರಡಿನಲ್ಲಿ ಸಿಕ್ಕರೆ ಅಲ್ಪ, ಪ್ಲೇಟು ಆದ ಮೇಲೆ ಸಿಕ್ಕರೆ ಹೊಸ ಪ್ಲೇಟಿನ ಹಣ, ಅಚ್ಚಾದ ಮೇಲೆ ಸಿಕ್ಕರೆ ಇಡೀ ಫಾರಂ.

ದರಪಟ್ಟಿ ಕೇಳುವಾಗ ‘ಪುಟಕ್ಕೆ ಎಷ್ಟು’ ಎಂದು ಕೇಳಬೇಡಿ. ಗದಗಿರಲಿ, ಹುಬ್ಬಳ್ಳಿಯಿರಲಿ, ಬೆಂಗಳೂರಿರಲಿ, ಮೂರು ಮುದ್ರಣಾಲಯಗಳಿಗೆ ಒಂದೇ ವಿವರವನ್ನು ಬರೆದು ಕೊಡಿ: ಆಕಾರ, ಪುಟಗಳು, ಎಷ್ಟು ಪುಟ ಬಣ್ಣ, ಒಳಗಿನ ಕಾಗದ ಎಷ್ಟು ಜಿಎಸ್‌ಎಂ, ಮುಖಪುಟಕ್ಕೆ ಎಷ್ಟು ಜಿಎಸ್‌ಎಂ ಆರ್ಟ್ ಕಾರ್ಡ್, ಲ್ಯಾಮಿನೇಷನ್, ಬೈಂಡಿಂಗ್, ಪ್ರತಿಗಳು, ಸಾಗಣೆ ಯಾರದ್ದು, ಜಿಎಸ್‌ಟಿ ಸೇರಿದೆಯೇ. ಆಗ ಬಂದ ಮೂರು ದರಗಳನ್ನು ಹೋಲಿಸಬಹುದು. ಮುದ್ರಿತ ಪುಸ್ತಕ ಮಾರುವಾಗ ಅದಕ್ಕೆ ಜಿಎಸ್‌ಟಿ ಇಲ್ಲ. ಹಾಗಾಗಿ ಕಾಗದಕ್ಕೂ ಮುದ್ರಣಕ್ಕೂ ಕೊಟ್ಟ ತೆರಿಗೆಯನ್ನು ಹಿಂದೆ ಪಡೆಯಲು ಬರುವುದಿಲ್ಲ, ಅದು ಪೂರ್ತಿ ನಿಮ್ಮ ಖರ್ಚೇ. ಕಾಗದದ ಬೆಲೆ ಏರಿಳಿಯುತ್ತಲೇ ಇರುತ್ತದೆ. 2022ರಲ್ಲಿ ಅದು ಹೇಗೆ ಜಿಗಿಯಿತೆಂಬುದು ಎಲ್ಲ ಪ್ರಕಾಶಕರಿಗೂ ನೆನಪಿದೆ. ದರ ಎಷ್ಟು ದಿನಕ್ಕೆ ಅನ್ವಯ ಎಂದು ಬರೆಸಿಕೊಂಡು, ಒಟ್ಟು ಮೊತ್ತದ ಮೇಲೆ ನೂರಕ್ಕೆ ಹತ್ತರಷ್ಟು ಎತ್ತಿಡಿ. ಬೈಂಡಿಂಗಿನಲ್ಲಿ ಉಳಿಸಲು ಹೋಗಬೇಡಿ. ಅರವತ್ತು ಎಪ್ಪತ್ತು ಪುಟಕ್ಕೆ ಸೆಂಟರ್ ಪಿನ್ ಸಾಕು. ಅದಕ್ಕಿಂತ ದಪ್ಪವಾದರೆ, ಅದರಲ್ಲೂ ನಡುವೆ ಆರ್ಟ್ ಪೇಪರಿದ್ದರೆ, ಬರೀ ಅಂಟಿನ ಬೈಂಡಿಂಗಿನಲ್ಲಿ ಹಾಳೆ ಉದುರುತ್ತದೆ. ಹೊಲಿಗೆ ಹಾಕಿಸಿದ ಪುಸ್ತಕ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚುವುದಿಲ್ಲ.

ಹಣ ಎಷ್ಟು ಬೇಕೆಂಬುದರ ಜೊತೆಗೆ ಯಾವಾಗ ಬೇಕೆಂಬುದನ್ನೂ ಬರೆದುಕೊಳ್ಳಬೇಕು. ಮುದ್ರಣಾಲಯದವರು ಸಾಮಾನ್ಯವಾಗಿ ಕಾಗದ ತರಿಸುವಾಗ ಮುಂಗಡ ಕೇಳುತ್ತಾರೆ, ಉಳಿದದ್ದನ್ನು ಪ್ರತಿ ಕೊಡುವಾಗ. ಜಾಹೀರಾತು ಕೊಟ್ಟವರು ಅಚ್ಚಾದ ಪುಟ ನೋಡಿದ ಮೇಲೆ ಹಣ ಕೊಡುತ್ತಾರೆ, ಕೆಲವರು ಅದಕ್ಕೂ ಎಷ್ಟೋ ತಿಂಗಳ ಮೇಲೆ. ನಡುವಿನ ಅಂತರವನ್ನು ತುಂಬುವವರು ಯಾರು? ಅನೇಕ ಕಡೆ ಮುಖ್ಯೋಪಾಧ್ಯಾಯರೋ ಖಜಾಂಚಿಯೋ ತಮ್ಮ ಕೈಯಿಂದ ಹಾಕಿ, ಆಮೇಲೆ ಕೇಳಲೂ ಆಗದೆ ಬಿಡಲೂ ಆಗದೆ ಉಳಿಯುತ್ತಾರೆ. ಒಳ್ಳೆಯ ಕೆಲಸ ಮಾಡಿದವರಿಗೆ ಇದು ಆಗಬಾರದು. ಬರುತ್ತದೆಂದು ಹೇಳಿದ ಹಣವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬ್ಯಾಂಕಿಗೆ ಬಂದದ್ದನ್ನು ಮಾತ್ರ ಹಿಡಿಯಿರಿ.

ಆ ಅಂತರವನ್ನು ತುಂಬಬಲ್ಲವರು ಓದುಗರೇ. ಮೇಲೆ ಹೇಳಿದ ಮನೋಹರ ಗ್ರಂಥಮಾಲೆಯನ್ನು ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ್ದು ಚಂದಾದಾರರ ಬಲದ ಮೇಲೆ. ಓದುಗರು ಮೊದಲೇ ಹಣ ಕೊಡುವುದು, ಪುಸ್ತಕಗಳು ಆಮೇಲೆ ಅವರ ಮನೆಗೆ ಬರುವುದು. ಪ್ರಕಟಣಪೂರ್ವ ಬೆಲೆ ಎಂಬ ಪದ್ಧತಿ ಕನ್ನಡದಲ್ಲಿ ಇಂದಿಗೂ ಇದೆ. ಶಾಲೆಯ ಹಳೆಯ ವಿದ್ಯಾರ್ಥಿಗಳು ಈಗ ಒಂದಲ್ಲ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತಾರೆ. ಸಂಚಿಕೆಯಲ್ಲಿ ಏನಿರುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆದು, ಒಂದು ಹಳೆಯ ಚಿತ್ರ ಹಾಕಿ, ಸಮಿತಿಯ ಖಾತೆಗೆ ಇಂತಿಷ್ಟು ಕಳುಹಿಸಿ ಹೆಸರು ನೋಂದಾಯಿಸಿ ಎಂದರೆ ಇನ್ನೂರು ಮುನ್ನೂರು ಜನ ಮುಂದೆ ಬರುವುದು ಅಸಾಧ್ಯವೇನಲ್ಲ. ಇದರಿಂದ ಮುಂಗಡಕ್ಕೆ ಹಣವಾಯಿತು, ಎಷ್ಟು ಪ್ರತಿ ಹಾಕಿಸಬೇಕೆಂಬುದೂ ತಿಳಿಯಿತು. ಹಣ ಕೊಟ್ಟು ಪಡೆದ ಪುಸ್ತಕವನ್ನು ಜನ ಓದುತ್ತಾರೆ ಎಂಬುದೂ ನಿಜ. ಉಚಿತವಾಗಿ ಹಂಚಿದ್ದು ಅನೇಕ ಸಲ ಸಮಾರಂಭದ ಕುರ್ಚಿಯ ಮೇಲೇ ಉಳಿದಿರುತ್ತದೆ.

ಅಂಚೆಯ ಖರ್ಚನ್ನು ಮರೆಯುವವರೇ ಹೆಚ್ಚು. 70 ಜಿಎಸ್‌ಎಂ ಕಾಗದದ 160 ಪುಟದ 1/4 ಕ್ರೌನ್ ಸಂಚಿಕೆ ಮುಖಪುಟ ಸೇರಿ ಕಾಲು ಕಿಲೊಗಿಂತ ತುಸು ಹೆಚ್ಚು ತೂಗುತ್ತದೆ. ಪುಸ್ತಕ ಕಳುಹಿಸಲು ಅಗ್ಗವಾಗಿದ್ದ ಅಂಚೆ ಇಲಾಖೆಯ ರಿಜಿಸ್ಟರ್ಡ್ ಬುಕ್‌ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೊಗೆ 100 ರೂಪಾಯಿ, ತೆರಿಗೆ ಬೇರೆ. ಆದರೆ ಜಾಹೀರಾತು ತುಂಬಿದ ಪ್ರಕಟಣೆಗಳಿಗೆ ಆ ರಿಯಾಯಿತಿ ಸಿಗುವುದಿಲ್ಲ. ಜಾಹೀರಾತಿನ ಪುಟಗಳು ತರುವ ಹಣದ ಜೊತೆಗೆ ಅವು ಹೆಚ್ಚಿಸುವ ಖರ್ಚನ್ನೂ ಕೂಡಿಸಿ ನೋಡಬೇಕೆಂಬುದಕ್ಕೆ ಇದೂ ಒಂದು ಕಾರಣ.

ಸಮಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿಡುಗಡೆಯ ದಿನದಿಂದ ಹಿಂದಕ್ಕೆ ಎಣಿಸಿ. ಮುದ್ರಣ, ಬೈಂಡಿಂಗಿಗೆ ಒಂದು ತಿಂಗಳು, ಪುಟವಿನ್ಯಾಸ ಮತ್ತು ಕರಡಿಗೆ ಎರಡು, ಸಂಗ್ರಹಕ್ಕೆ ಕನಿಷ್ಠ ನಾಲ್ಕು. ಶಾಲೆ ತೆರೆಯುವ ಮುಂಚಿನ ತಿಂಗಳುಗಳಲ್ಲಿ ಪಠ್ಯಪುಸ್ತಕ, ನೋಟ್‌ಪುಸ್ತಕದ ಕೆಲಸ, ವರ್ಷದ ಕೊನೆಯಲ್ಲಿ ಕ್ಯಾಲೆಂಡರು ಡೈರಿಗಳ ಕೆಲಸ, ಚುನಾವಣೆ ಬಂದರೆ ಕರಪತ್ರಗಳ ಕೆಲಸ. ಆ ದಿನಗಳಲ್ಲಿ ನಿಮ್ಮ ಸಂಚಿಕೆಗೆ ಯಂತ್ರ ಸಿಗುವುದು ಕಷ್ಟ.

ಕೊನೆಯ ಸಾಲು ಒಂದಿದೆ, ಅದನ್ನು ಬಹುತೇಕ ಸಮಿತಿಗಳು ಬರೆಯುವುದಿಲ್ಲ: ಗ್ರಂಥಾಲಯಗಳ ಪ್ರತಿಗಳು. ಭಾರತದಲ್ಲಿ ಪ್ರಕಟವಾದ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಪ್ರಕಾಶಕರು ತಮ್ಮ ಖರ್ಚಿನಲ್ಲಿ ತಲುಪಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅರ್ಜಿಯನ್ನು ಮೊದಲೇ ಹಾಕಬೇಕು. ಇದರ ಜೊತೆಗೆ ನಿಮ್ಮ ತಾಲ್ಲೂಕು, ಜಿಲ್ಲಾ ಗ್ರಂಥಾಲಯಗಳಿಗೆ, ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ಕಳುಹಿಸಿ. ಪಿಡಿಎಫ್ ಕಡತವನ್ನು ಇಂಟರ್ನೆಟ್ ಆರ್ಕೈವಿಗೆ ಸೇರಿಸಿದರೆ ಹೊರದೇಶದಲ್ಲಿರುವ ನಿಮ್ಮೂರಿನ ಮಕ್ಕಳೂ ಓದಬಹುದು. ಇವೆಲ್ಲಕ್ಕೂ ಹತ್ತು ಪ್ರತಿ, ಸ್ವಲ್ಪ ಅಂಚೆ ವೆಚ್ಚ ಸಾಕು.

ಈ ವರ್ಷ ನಿಮ್ಮೂರಿನ ಶಾಲೆಗೋ ಸಂಘಕ್ಕೋ ಹಬ್ಬವಿದ್ದರೆ, ಸಮಿತಿಯ ಮೊದಲ ಸಭೆಗೆ ಒಂದು ಹಾಳೆ ತೆಗೆದುಕೊಂಡು ಹೋಗಿ. ಜಾಹೀರಾತಿನ ದರ ಗೊತ್ತುಮಾಡುವ ಮೊದಲು ಅದರಲ್ಲಿ ಮೂರು ಸಾಲು ಬರೆಸಿ: ಹಿರಿಯರ ಮಾತು ದಾಖಲಿಸಲು ಇಷ್ಟು, ಹಳೆಯ ಕಾಗದ ಮತ್ತು ಚಿತ್ರಗಳ ಸ್ಕ್ಯಾನಿಂಗಿಗೆ ಇಷ್ಟು, ಕರಡು ತಿದ್ದುವವರಿಗೆ ಇಷ್ಟು. ಆ ಮೂರಕ್ಕೂ ಮೊತ್ತ ನಿರ್ಧಾರವಾಗುವವರೆಗೆ ರಸೀತಿ ಪುಸ್ತಕಗಳನ್ನು ಹಂಚಬೇಡಿ ಎಂದು ಅಧ್ಯಕ್ಷರನ್ನು ಕೇಳಿಕೊಳ್ಳಿ.